ಹತ್ತು ಪ್ರತಿಗಳಲ್ಲೂ ದೇವರ ಕರೆಯೇ ಇಲ್ಲ: ಪುಸ್ತಕ ಮಾರುವ ಆನ್‌ಲೈನ್ ಸಂಸ್ಥೆಗೆ ಒಂದು ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಪುಸ್ತಕ ಮಾರಾಟ ವಿಭಾಗ

ವಿಷಯ: ನಕಲಿ ಮುದ್ರಣದ ಪುಸ್ತಕಗಳನ್ನು ಅಸಲಿ ಎಂದು ಮಾರಿ, ವಾಪಸು ಪಡೆಯಲು ಒಪ್ಪದಿರುವ ಬಗ್ಗೆ.

ಮಾನ್ಯರೇ,

ನಾನು ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಂತಿಮ ವರ್ಷದ ಮಕ್ಕಳ ಓದಿನ ಬಳಗಕ್ಕೆಂದು ಚೇತನ್ ಭಗತ್ ಅವರ ‘ಒನ್ ನೈಟ್ ಅಟ್ ದ ಕಾಲ್ ಸೆಂಟರ್’ ಕಾದಂಬರಿಯ 10 ಪ್ರತಿಗಳನ್ನು ನಿಮ್ಮಿಂದ ತರಿಸಿದೆ. ಪ್ರತಿಗೆ 179 ರೂಪಾಯಿಯಂತೆ 1,790 ರೂಪಾಯಿ ಮೊದಲೇ ಕಟ್ಟಿದ್ದೇವೆ. ಅದು ಮಕ್ಕಳೇ ಸೇರಿಸಿದ ದುಡ್ಡು. ಅಸಲಿ ಪ್ರತಿ ಎಂದು ನಿಮ್ಮ ತಾಣದಲ್ಲಿ ಬರೆದಿತ್ತು. ಬಂದದ್ದು ಹತ್ತಕ್ಕೆ ಹತ್ತೂ ನಕಲಿ.

ನಕಲಿ ಎಂದು ಸುಮ್ಮನೆ ಹೇಳುತ್ತಿಲ್ಲ. ಹೊದಿಕೆಯ ಚಿತ್ರ ಸ್ಕ್ಯಾನ್ ಮಾಡಿ ಒತ್ತಿದ ಹಾಗೆ ಮಸುಕಾಗಿದೆ. ಕಾಗದ ಎಷ್ಟು ತೆಳುವೆಂದರೆ ಹಿಂಬದಿಯ ಅಕ್ಷರ ಮುಂಬದಿಗೆ ಮೂಡಿ ಎರಡೂ ಕಲಸಿಹೋಗಿವೆ. ಬೆವರುಗೈಯಲ್ಲಿ ಹಿಡಿದರೆ ಬೆರಳಿಗೆ ಮಸಿ ಹತ್ತುತ್ತದೆ. ಪ್ರಕಾಶಕರ ವಿವರ, ಹಕ್ಕುಸ್ವಾಮ್ಯದ ಪುಟ ಇಲ್ಲವೇ ಇಲ್ಲ. ಇದೆಲ್ಲಕ್ಕಿಂತ ದೊಡ್ಡದು, ಒಂದು ಇಡೀ ಫಾರಂ, ಅಂದರೆ 16 ಪುಟ, ಎರಡು ಸಲ ಬಂದಿದೆ. ಅದರ ಮುಂದಿನ 16 ಪುಟ ಬಿಟ್ಟೇಹೋಗಿದೆ. ಬೈಂಡಿಂಗ್‌ನಲ್ಲಿ ಒಂದೆರಡು ಪ್ರತಿ ಹೆಚ್ಚುಕಡಿಮೆ ಆಗುವುದು ಒಳ್ಳೆಯ ಪ್ರೆಸ್‌ನಲ್ಲೂ ಉಂಟು. ಹತ್ತೂ ಪ್ರತಿಗಳಲ್ಲಿ ಅದೇ ಜಾಗದಲ್ಲಿ ಅದೇ ತಪ್ಪು ಬಂದರೆ ಅದನ್ನು ಏನೆನ್ನಬೇಕು?

ಬಿಟ್ಟುಹೋದ ಪುಟಗಳಲ್ಲಿ ಏನಿತ್ತೆಂದು ತಮಗೆ ತಿಳಿಯಬೇಕು. ಗುರುಗ್ರಾಮದ ಕಾಲ್ ಸೆಂಟರಿನ ಆರು ಜನರ ಒಂದೇ ರಾತ್ರಿಯ ಕಥೆ ಇದು. ಅವರು ಕುಳಿತ ಕ್ವಾಲಿಸ್ ಗಾಡಿ ಕಟ್ಟಡದ ಗುಂಡಿಯ ಮೇಲೆ ಕಬ್ಬಿಣದ ಸರಳುಗಳಿಗೆ ಸಿಕ್ಕಿ ತೂಗಾಡುತ್ತಿರುವಾಗ, ನೆಟ್‌ವರ್ಕೇ ಇಲ್ಲದ ಫೋನು ರಿಂಗಾಗುತ್ತದೆ, ಮಾತಾಡುವವನು ದೇವರು. ಇಡೀ ಕಾದಂಬರಿ ನಿಂತಿರುವುದು ಆ ಕರೆಯ ಮೇಲೆ. ನಮ್ಮ ಮಕ್ಕಳಿಗೆ ಸಿಗದೇ ಹೋದದ್ದೂ ಅದೇ.

2005ರಲ್ಲಿ ಬಂದ ಪುಸ್ತಕವನ್ನು ಈಗೇಕೆ ಓದಿಸುತ್ತೀರಿ ಎಂದು ಸಹೋದ್ಯೋಗಿಗಳೇ ಕೇಳಿದ್ದುಂಟು. ನನ್ನ ತರಗತಿಯಲ್ಲಿರುವವರು ಮಾನ್ವಿ, ಸಿಂಧನೂರು, ದೇವದುರ್ಗ ಕಡೆಯ ಮಕ್ಕಳು. ಹೆಚ್ಚಿನವರು ಕನ್ನಡ ಮಾಧ್ಯಮದವರು. ಪದವಿ ಮುಗಿದದ್ದೇ ಹಲವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಯಾವುದಾದರೂ ಬಿಪಿಒದಲ್ಲಿ ನೈಟ್ ಶಿಫ್ಟಿಗೆ ಸೇರುತ್ತಾರೆ. ಕಾದಂಬರಿಯಲ್ಲಿ ಅಮೆರಿಕದವರ ಫೋನಿಗಾಗಿ ಶ್ಯಾಮ್ ಎಂಬ ಹುಡುಗ ‘ಸ್ಯಾಮ್’ ಆಗುವುದು, ಬಾಸ್ ಬಕ್ಷಿ ಹುಡುಗರ ಕೆಲಸವನ್ನು ತನ್ನ ಹೆಸರಿಗೆ ಹಾಕಿಕೊಳ್ಳುವುದು ಇವರಿಗೆ ನಾಳಿನ ಮಾತು. ಗಂಡನ ಮನೆಯಲ್ಲಿ ದಿನವೆಲ್ಲ ದುಡಿದು ರಾತ್ರಿ ಕೆಲಸಕ್ಕೆ ಬರುವ ರಾಧಿಕಾಳ ಭಾಗ ಓದುವಾಗ ದೇವದುರ್ಗದ ಹುಡುಗಿಯೊಬ್ಬಳು ಪುಸ್ತಕ ಕೆಳಗಿಟ್ಟು, “ಮೇಡಂ, ಇದು ನಮ್ಮಕ್ಕನ ಕಥಿನೇ ಐತ್ರಿ” ಅಂದಳು. ಇಂಗ್ಲಿಷ್ ಕಾದಂಬರಿಯೊಂದನ್ನು ಕೊನೆತನಕ ಓದುತ್ತೇನೆ ಎಂದು ಮೊದಲ ಬಾರಿಗೆ ಹಟ ಹಿಡಿದವಳು ಅವಳು. ಅವಳಿಗೆ ನೀವು ಮಾರಿದ್ದು ತುಂಡು ಪುಸ್ತಕ.

ವಾಪಸು ಕೇಳಿದರೆ ನಿಮ್ಮ ಕಡೆಯಿಂದ ಬಂದ ಉತ್ತರ: 7 ದಿನದ ಅವಧಿ ಮುಗಿದಿದೆ, ಬಿಚ್ಚಿದ ಪುಸ್ತಕ ವಾಪಸಿಲ್ಲ. ಅಂಗಿಯಾದರೆ ತೊಟ್ಟ ಕೂಡಲೇ ಅಳತೆ ಗೊತ್ತಾದೀತು. ವಾರಕ್ಕೊಮ್ಮೆ ಕೂತು ಗಟ್ಟಿಯಾಗಿ ಓದುವವರಿಗೆ ಪುಸ್ತಕದ ನಡುವೆ ಪುಟ ಇಲ್ಲವೆಂಬುದು ಅಲ್ಲಿಗೆ ತಲುಪಿದಾಗಲೇ ತಿಳಿಯುವುದು. ಅದಿರಲಿ, ನಕಲಿ ಮಾಲು 7 ದಿನ ಕಳೆದರೆ ಅಸಲಿ ಆಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನನ್ನ ಕರೆ ತೆಗೆದುಕೊಂಡ ಹುಡುಗಿ ಬಹಳ ತಾಳ್ಮೆಯಿಂದ ಮಾತಾಡಿದಳು. “ಸಿಸ್ಟಂನಲ್ಲಿ ಆಪ್ಷನ್ನೇ ಬರ್ತಿಲ್ಲ ಮೇಡಂ, ಸಾರಿ” ಎಂದು ಮತ್ತೆಮತ್ತೆ ಹೇಳುವಾಗ ಅವಳ ದನಿ ಇಳಿದುಹೋಗಿತ್ತು. ಮೇಲಿನವರಿಗೆ ಕೊಡಮ್ಮಾ ಅಂದರೆ ಆ ಅಧಿಕಾರವೂ ಅವಳಿಗಿರಲಿಲ್ಲ. ಫೋನ್ ಇಟ್ಟ ಕೂಡಲೇ ನಿಮ್ಮ ಮೆಸೇಜ್ ಬಂತು, ಅವಳಿಗೆ 5ಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು. ನಾನು 5 ಕೊಟ್ಟಿದ್ದೇನೆ. ಕಡಿಮೆ ಅಂಕ ಬಿದ್ದರೆ ಪೆಟ್ಟು ಯಾರ ಸಂಬಳಕ್ಕೆ ಎಂಬುದನ್ನು ಅಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಗಳು ಹೇಳಿದ್ದಾರೆ. ಮಾರಾಟಗಾರನನ್ನು ತಾಣಕ್ಕೆ ಸೇರಿಸಿಕೊಂಡವರು ನೀವು, ನಿಯಮ ಬರೆದವರು ನೀವು; ಬೈಗುಳ ತಿನ್ನುವುದಕ್ಕೆ ಮಾತ್ರ ಆ ಮಕ್ಕಳನ್ನು ಕೂರಿಸಿದ್ದೀರಿ. ಅದಕ್ಕೇ ಈ ಪತ್ರ ಅವರಿಗಲ್ಲ, ನೇರ ತಮಗೆ.

ಗ್ರಾಹಕ ರಕ್ಷಣಾ ಕಾಯ್ದೆ 2019ರಂತೆ ದೋಷವಿರುವ ಸರಕನ್ನು ವಾಪಸು ಪಡೆಯದಿರುವುದು ಅನುಚಿತ ವ್ಯಾಪಾರ. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ್ದನ್ನು ತಾವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೊಂಡವರು ಲಿಖಿತವಾಗಿ ಕೇಳಿದರೆ ಮಾರಾಟಗಾರನ ವಿಳಾಸ ಕೊಡಬೇಕು. ಈ ಪತ್ರವನ್ನೇ ಆ ಲಿಖಿತ ಕೋರಿಕೆ ಎಂದು ತಿಳಿಯಿರಿ. ನಕಲಿ ಮುದ್ರಣ 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಅಪರಾಧ, ಅದಕ್ಕೆ ಜೈಲುಶಿಕ್ಷೆಯೂ ಇದೆ.

ನಮಗೆ ಹತ್ತು ಅಸಲಿ ಪ್ರತಿ ಕಳಿಸಿ. ಆಗದಿದ್ದರೆ 1,790 ರೂಪಾಯಿ ಪೂರ್ತಿ ಮರಳಿಸಿ, ‘ಕ್ರೆಡಿಟ್ ಪಾಯಿಂಟ್’ ಬೇಡ. ಆ ಮಾರಾಟಗಾರನ ಪುಸ್ತಕಗಳನ್ನು ತಾಣದಿಂದ ತೆಗೆಯಿರಿ. ಅವನಿಂದ ಇದೇ ಕಾದಂಬರಿ ಕೊಂಡ ಬೇರೆ ಗ್ರಾಹಕರಿಗೂ ವಿಷಯ ತಿಳಿಸಿ, ಯಾಕೆಂದರೆ ಅವರಲ್ಲಿ ಎಷ್ಟೋ ಜನ ಇನ್ನೂ ಆ ಪುಟದವರೆಗೆ ಓದಿರಲಿಕ್ಕಿಲ್ಲ. ಉತ್ತರ ತಮ್ಮ ಹೆಸರು, ಹುದ್ದೆಯೊಂದಿಗೆ ಬರಲಿ.

ಒಂದು ತಿಂಗಳು ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಅಲ್ಲಿಂದ ರಾಯಚೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾನು ವಾಸವಿರುವ ಊರಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಹತ್ತೂ ಪ್ರತಿಗಳನ್ನು ಹಾಗೇ ಕಟ್ಟಿಟ್ಟಿದ್ದೇನೆ.

ಇಂತಿ,
ತಮ್ಮ ಗ್ರಾಹಕಿ,
ರಾಯಚೂರು

ಲಗತ್ತು: ಬಿಲ್ಲಿನ ನಕಲು, ಪುಟಸಂಖ್ಯೆ ಕಾಣುವಂತೆ ತೆಗೆದ ಹತ್ತೂ ಪ್ರತಿಗಳ ಫೋಟೊ, ಹತ್ತು ವಿದ್ಯಾರ್ಥಿಗಳ ಸಹಿ.