ಲ್ಯಾಪ್‌ಟಾಪ್‌ನಲ್ಲಿ ಕಾಣುವ ಅಪರಿಚಿತ ಕಡತಗಳ ಬಗ್ಗೆ ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ಮಳೆ ರಜೆ ಮುಗಿದು ಶಾಲೆ ತೆರೆದ ದಿನ, ಎಂಟನೇ ತರಗತಿಯ ಹುಡುಗನೊಬ್ಬನ ತಂದೆ ಗೊಬ್ಬರದ ಚೀಲದಲ್ಲಿ ಸುತ್ತಿದ ಲ್ಯಾಪ್‌ಟಾಪ್ ಹಿಡಿದು ನನ್ನ ಕೊಠಡಿಗೆ ಬಂದರು. ಕಂಕುಳಲ್ಲಿದ್ದ ಕೊಡೆಯಿಂದ ತೊಟ್ಟಿಕ್ಕುವ ನೀರು ನನ್ನ ಹಾಜರಿ ಪುಸ್ತಕವನ್ನು ತೋಯಿಸುತ್ತಿದ್ದುದು ಅವರ ಗಮನಕ್ಕೇ ಬರಲಿಲ್ಲ. “ಮೇಡಂ, ಇದರೊಳಗೆ ಅರವತ್ತಕ್ಕೂ ಹೆಚ್ಚು ಮಂದಿ ಹೊಕ್ಕಿದ್ದಾರೆ” ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರು ಯಾರೆಂದು ಊಹಿಸುವ ಕೆಲಸ ಯಾರಿಗೂ ಬೇಡ.

ನಡೆದದ್ದು ಇಷ್ಟು. ರಜೆಯಲ್ಲಿ ನಮ್ಮ ತರಗತಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡಿತು. ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ (ಒಳಗೆ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ) ತೆರೆಯಿರಿ, ‘ಎಸ್‌ವಿಸಿಹೋಸ್ಟ್’ (svchost.exe) ಎಂಬ ಹೆಸರು ಒಂದಕ್ಕಿಂತ ಹೆಚ್ಚು ಸಲ ಕಂಡರೆ ಕಳ್ಳ ಒಳಗಿದ್ದಾನೆ ಎಂದರ್ಥ, ಕೂಡಲೇ ಅಳಿಸಿರಿ, ಹತ್ತು ಮಂದಿಗೆ ಕಳುಹಿಸಿರಿ. ಹೊರಗೆ ಧೋ ಎಂದು ಮಳೆ, ಮಾಡಲು ಬೇರೆ ಕೆಲಸವಿಲ್ಲ. ಅಪ್ಪ ಮಗ ಇಬ್ಬರೂ ಕುಳಿತು ಎಣಿಸಿದ್ದಾರೆ. ಅರವತ್ತು ದಾಟಿದೆ. ಅಳಿಸಲು ಹೋದರೆ ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಅನುಮತಿ ಬೇಕು ಎಂಬ ಸೂಚನೆ ಬಂದಿದೆ. ಅದು ವಿಂಡೋಸ್ ತನ್ನ ಕಡತಗಳಿಗೆ ತಾನೇ ಇಟ್ಟುಕೊಂಡಿರುವ ಕಾವಲುಗಾರ. ಇವರು ಅದನ್ನೇ ಕಳ್ಳನ ಹೆಸರು ಎಂದುಕೊಂಡರು. ಕೊನೆಗೆ ಸಂದೇಶದ ಕೆಳಗಿದ್ದ ಕೊಂಡಿ ಒತ್ತಿ, ‘ಸ್ವಚ್ಛ ಮಾಡುವ’ ತಂತ್ರಾಂಶವೊಂದನ್ನು ಇಳಿಸಿಕೊಂಡರು. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಚೆನ್ನಾಗಿಯೇ ಇತ್ತು. ಆಮೇಲೆ, ಕೊಯ್ಲಿನ ಕೂಲಿ ಲೆಕ್ಕ ತೆರೆಯಲು ಹೋದಾಗಲೆಲ್ಲ ಜೂಜಿನ ಜಾಹೀರಾತು ಮೇಲೆದ್ದು ಬರತೊಡಗಿತು.

ಆ ಸಂದೇಶವನ್ನು ಗುಂಪಿಗೆ ಹಾಕಿದವರು ಯಾರೆಂದು ನಾನು ಹುಡುಕುವುದಿಲ್ಲ. ಒಂದು ಗುಂಪಿಗೆ ಹಾಕಿದ್ದು ನಮ್ಮ ಶಿಕ್ಷಕರೇ.

ಎಸ್‌ವಿಸಿಹೋಸ್ಟ್ ವಿಂಡೋಸ್‌ನದೇ ಕಡತ. ಧ್ವನಿ, ಮುದ್ರಣ, ಜಾಲ ಸಂಪರ್ಕ, ಅಪ್‌ಡೇಟ್ ಮುಂತಾದ ಹಿನ್ನೆಲೆ ಸೇವೆಗಳು ಅದರ ಆಶ್ರಯದಲ್ಲಿ ನಡೆಯುತ್ತವೆ. ಮೊದಲು ಹಲವು ಸೇವೆಗಳು ಒಂದೇ ಸೂರಿನಡಿ ಇರುತ್ತಿದ್ದವು, ನಮ್ಮ ಐನ್‌ಮನೆಯಲ್ಲಿ (ಕೊಡವರ ಮೂಲ ಮನೆ) ಇಡೀ ಒಕ್ಕ (ಕುಲದವರೆಲ್ಲ) ಇರುತ್ತಿದ್ದಂತೆ. 2017ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ, 3.5 ಜಿಬಿಗಿಂತ ಹೆಚ್ಚು ಮೆಮೊರಿ (RAM) ಇರುವ ಕಂಪ್ಯೂಟರುಗಳಲ್ಲಿ ಹೆಚ್ಚಿನ ಸೇವೆಗಳು ಬೇರೆ ಮನೆ ಮಾಡಿಕೊಂಡವು. ಒಂದು ಕುಸಿದರೆ ಉಳಿದವು ನಿಲ್ಲಬಾರದು ಎಂಬುದು ಉದ್ದೇಶ. ಮನೆ ಹೆಸರು ಮಾತ್ರ ಎಲ್ಲರದೂ ಒಂದೇ ಉಳಿಯಿತು. ಅರವತ್ತು ಸಲ ಕಂಡರೆ ಗಾಬರಿಪಡುವಂಥದ್ದು ಏನೂ ಇಲ್ಲ.

ಹಾಗೆಂದು ಆ ಹೆಸರು ಹೇಳಿಕೊಂಡು ಬಂದವರೆಲ್ಲ ಒಕ್ಕದವರೇ ಆಗಿರಬೇಕಿಲ್ಲ. ಹೊಸಬರು ಅಂಗಳಕ್ಕೆ ಬಂದರೆ ನಮ್ಮ ಹಿರಿಯರು ಮೊದಲು ಕೇಳುವುದು “ಯಾವ ಮನೆಯವರು?” ಎಂದು. ಇಲ್ಲೂ ಅದನ್ನೇ ಕೇಳಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಹೆಸರಿನ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಆಯ್ದುಕೊಳ್ಳಿ. ಅಸಲಿ ಎಸ್‌ವಿಸಿಹೋಸ್ಟ್ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ‘ಸಿಸ್ಟಮ್32’ರಲ್ಲಿ ಇರುತ್ತದೆ. 32 ಬಿಟ್ ಪ್ರತಿಯಾದರೆ ಪಕ್ಕದ ‘ಸಿಸ್‌ವೌ64’ (SysWOW64) ಫೋಲ್ಡರಿನಲ್ಲಿ. ಅದೇ ಹೆಸರಿನದು ಡೌನ್‌ಲೋಡ್ಸ್‌ನಲ್ಲೋ ಟೆಂಪ್ ಫೋಲ್ಡರಿನಲ್ಲೋ ಪೆನ್ ಡ್ರೈವ್‌ನಲ್ಲೋ ಕುಳಿತಿದ್ದರೆ ಸಂಶಯಪಡಿ. ಮನೆ ಸರಿಯಿದೆ ಎಂದ ಮಾತ್ರಕ್ಕೆ ಬಿಡಬೇಡಿ, ಒಳಗೆ ಹೊಕ್ಕ ಕಳ್ಳ ಅಲ್ಲೂ ಚಾಪೆ ಹಾಸಬಲ್ಲ. ಕಡತದ ‘ಪ್ರಾಪರ್ಟೀಸ್’ ತೆರೆದು ‘ಡಿಜಿಟಲ್ ಸಿಗ್ನೇಚರ್ಸ್’ನಲ್ಲಿ ಮೈಕ್ರೋಸಾಫ್ಟ್ ಸಹಿ ಇದೆಯೇ ನೋಡಿ. ಕೆಲವು ಅಸಲಿ ಕಡತಗಳಲ್ಲಿ ಆ ಪುಟವೇ ಇರುವುದಿಲ್ಲ, ಅವುಗಳ ಸಹಿಯನ್ನು ವಿಂಡೋಸ್ ಬೇರೊಂದು ಪಟ್ಟಿಯಲ್ಲಿ ಇಟ್ಟಿರುತ್ತದೆ. ಆದ್ದರಿಂದ ಸಹಿ ಕಾಣಲಿಲ್ಲ ಎಂದು ತಕ್ಷಣ ಅಳಿಸಬೇಡಿ.

ಅಕ್ಷರವನ್ನೂ ಓದಿ. ಕಳೆದ ವರ್ಷ ನಮ್ಮ ಲ್ಯಾಬ್‌ನಲ್ಲೇ ಒಂದು ಪೆನ್ ಡ್ರೈವ್‌ನಲ್ಲಿ ಸಿಕ್ಕ ಕಡತದಲ್ಲಿ ‘ಎಸ್, ವಿ, ಸಿ’ ಇರಬೇಕಾದಲ್ಲಿ ‘ಎಸ್, ಸಿ, ವಿ’ ಇತ್ತು. ನಾನು ಎರಡು ಸಲ ನೋಡಿಯೂ ಸರಿಯಿದೆ ಎಂದಿದ್ದೆ. ಕಂಡುಹಿಡಿದವಳು ಏಳನೇ ತರಗತಿಯ ಹುಡುಗಿ, ಉಕ್ತಲೇಖನದಲ್ಲಿ ಯಾವಾಗಲೂ ಪೂರ್ಣ ಅಂಕ ತೆಗೆಯುವವಳು.

ಆದರೂ ಸಂಶಯ ಉಳಿದರೆ ‘ವೈರಸ್‌ಟೋಟಲ್’ ತಾಣಕ್ಕೆ ಕಡತವನ್ನು ಏರಿಸಿ ನೋಡಬಹುದು. ಎಪ್ಪತ್ತರಷ್ಟು ಆ್ಯಂಟಿವೈರಸ್‌ಗಳು ಒಟ್ಟಿಗೆ ಅಭಿಪ್ರಾಯ ಹೇಳುತ್ತವೆ. ಅಷ್ಟರಲ್ಲಿ ಒಂದೋ ಎರಡೋ ಮಾತ್ರ ಕೆಂಪು ತೋರಿಸಿದರೆ ಅದು ತಪ್ಪು ಎಚ್ಚರಿಕೆಯೂ ಆಗಿರಬಹುದು. ಅಲ್ಲಿಗೆ ಏರಿಸಿದ್ದನ್ನು ಬೇರೆಯವರೂ ನೋಡಬಲ್ಲರು. ಆದ್ದರಿಂದ ಪಹಣಿ, ಅಂಕಪಟ್ಟಿ, ಬ್ಯಾಂಕ್ ಕಾಗದಗಳನ್ನು ಖಂಡಿತ ಏರಿಸಬೇಡಿ. ವಿಂಡೋಸ್‌ನ ಸ್ವಂತ ಡಿಫೆಂಡರ್‌ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಎಂಬ ಆಯ್ಕೆಯಿದೆ. ಕಂಪ್ಯೂಟರ್ ಮರುಚಾಲನೆಗೊಂಡು ಸುಮಾರು ಹದಿನೈದು ನಿಮಿಷ ಹುಡುಕುತ್ತದೆ. ಕರೆಂಟ್ ಇರುವಾಗ ಮಾಡಿ.

ಇದು ಹೊಸ ಆಟವೇನಲ್ಲ. 2002ರಲ್ಲಿ ನನಗೂ ಇಂಥದೇ ಒಂದು ಇಮೇಲ್ ಬಂದಿತ್ತು. ಪುಟ್ಟ ಕರಡಿ ಗೊಂಬೆಯ ಚಿತ್ರವಿರುವ ಕಡತವೊಂದು ನಿಮ್ಮಲ್ಲಿದೆ, 14 ದಿನ ಸುಮ್ಮನಿದ್ದು ಆಮೇಲೆ ಎಲ್ಲವನ್ನೂ ಹಾಳುಮಾಡುತ್ತದೆ, ಅಳಿಸಿ ಎಂದು. ಹುಡುಕಿದರೆ ಕರಡಿ ಇದ್ದೇ ಇತ್ತು! ಅಳಿಸಿದೆ, ಗೆಳತಿಯರಿಗೆಲ್ಲ ಕಳುಹಿಸಿಯೂ ಬಿಟ್ಟೆ. ಅದು ವಿಂಡೋಸ್ ಜೊತೆಗೇ ಬರುತ್ತಿದ್ದ, ಜಾವಾ ಪ್ರೋಗ್ರಾಮರುಗಳಿಗೆ ಬೇಕಾದ ನಿರುಪದ್ರವಿ ಕಡತ ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಆ ತಂದೆಯನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ.

ಸಂದೇಶದ ಕೊಂಡಿಯಿಂದ ಏನನ್ನಾದರೂ ಇಳಿಸಿಕೊಂಡಿದ್ದರೆ ಇಂಟರ್ನೆಟ್ ಸಂಪರ್ಕ ತೆಗೆದಿಡಿ. ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಮೊಬೈಲ್‌ನಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗುವನ್ನು ಬೈಯಬೇಡಿ. ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದೇ ಇಲ್ಲ.

ಈ ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬ್ ತೆರೆದಿರುತ್ತದೆ. ಲ್ಯಾಪ್‌ಟಾಪ್ ತಂದರೆ ನಮ್ಮ ಕಂಪ್ಯೂಟರ್ ಶಿಕ್ಷಕರು ನಿಮ್ಮೆದುರೇ ನೋಡಿಕೊಡುತ್ತಾರೆ. ಚಾರ್ಜರ್ ಮರೆಯಬೇಡಿ, ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಬಂದರೆ ಇನ್ನೂ ಒಳ್ಳೆಯದು. ನಮ್ಮ ಯುಪಿಎಸ್ ಈ ಮಳೆಗೆ ಸೋತು ಕುಳಿತಿದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ವಿರಾಜಪೇಟೆ ತಾಲ್ಲೂಕು, ಕೊಡಗು