ಚಾಟ್ ಸಾಕು, ಇನ್ನು ಕಾಫಿಗೆ ಕರಿ

ಗೆಳೆಯಾ,

ಮೊದಲು ಒಂದು ಮಾತು. ಅವಳ ಮೆಸೇಜುಗಳ ಸ್ಕ್ರೀನ್‌ಶಾಟ್ ಇನ್ನು ನನಗೆ ಕಳಿಸಬೇಡ. ಅವಳು ಬರೆದಿದ್ದು ನಿನಗೆ. ಆದರೂ ಓದಿಬಿಟ್ಟೆ, ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಗುಡ್ ಮಾರ್ನಿಂಗ್, ಊಟ ಆಯ್ತಾ, ಗುಡ್ ನೈಟ್. ನಡುವೆ ಒಂದಿಷ್ಟು ಮೀಮ್. ಡೇಟಿಂಗ್ ಆ್ಯಪ್‌ನಿಂದ ವಾಟ್ಸಾಪ್‌ಗೆ ಬಂದಾಯಿತು, ಎರಡೂ ಮನೆಯ ಅಮ್ಮಂದಿರ ಮಂಡಿನೋವಿನ ಸುದ್ದಿಯೂ ಮುಗಿಯಿತು. ಇಬ್ಬರೂ ಇರುವುದು ಬೆಂಗಳೂರಲ್ಲೇ. ಇನ್ನೂ ಮುಖ ನೋಡಿಲ್ಲ ಅಂದರೆ ಹೇಗಪ್ಪಾ?

"ಇನ್ನೂ ಸ್ವಲ್ಪ ಪರಿಚಯ ಆಗಲಿ" ಅಂತೀಯ. ಚಾಟ್‌ನಲ್ಲಿ ಎಷ್ಟು ಅಂತ ಪರಿಚಯ ಆಗುತ್ತದೆ ಹೇಳು? ಅಲ್ಲಿ ಯೋಚಿಸಿ ಉತ್ತರ ಕೊಡಬಹುದು, ಬರೆದಿದ್ದನ್ನು ಅಳಿಸಬಹುದು. ಅವಳು ಹೇಗೆ ನಗುತ್ತಾಳೆ, ಮಾತಿನ ನಡುವೆ ಫೋನ್ ನೋಡುತ್ತಾಳಾ, ಸರ್ವರ್ ಹತ್ತಿರ ಹೇಗೆ ಮಾತಾಡುತ್ತಾಳೆ, ಇದ್ಯಾವುದೂ ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ನಿನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತೀಯ. ತಡವಾದಷ್ಟೂ ನಿನ್ನ ತಲೆಯಲ್ಲಿರುವ ಹುಡುಗಿಗೂ ಎದುರಿಗೆ ಬಂದು ಕೂರುವ ಹುಡುಗಿಗೂ ಅಂತರ ಜಾಸ್ತಿ ಆಗುತ್ತದೆ. ಅವಳ ತಲೆಯಲ್ಲಿರುವ ನಿನ್ನ ಕಥೆಯೂ ಅಷ್ಟೇ, ಪಾಪ.

ಮೊದಲು ಒಂದು ಸಲ ಫೋನ್ ಮಾಡು. ಹತ್ತು ನಿಮಿಷ ಸಾಕು. ಇಬ್ಬರೂ ಇಂಗ್ಲಿಷಿನಲ್ಲೇ ಟೈಪ್ ಮಾಡಿಕೊಂಡು ಕೂತಿದ್ದೀರಿ. ನೀನು ಹುಬ್ಬಳ್ಳಿಯವನು, ಅವಳು ಪುತ್ತೂರಿನವಳು. ನಿನ್ನ ಬಾಯಲ್ಲಿ "ಹಂಗೇನಿಲ್ಲ ಬಿಡ್ರಿ" ಬಂದು, ಅವಳ ಬಾಯಲ್ಲಿ "ಎಂತ ಸಾವು ಮಾರಾಯ" ಬಂತು ಅಂದರೆ ಅರ್ಧ ಬಿಗುಮಾನ ಅಲ್ಲೇ ಇಳಿಯಿತು ಅಂದುಕೊ. ವಿಡಿಯೊ ಕಾಲ್ ಆದರೆ ಇನ್ನೂ ಒಳ್ಳೇದು. ಫೋಟೊದಲ್ಲಿ ಇರುವವರೇ ಮಾತಾಡುತ್ತಿದ್ದಾರೆ ಅಂತ ಇಬ್ಬರಿಗೂ ಖಾತ್ರಿಯಾಗುತ್ತದೆ.

"ಯಾವಾಗಾದ್ರೂ ಸಿಗೋಣ" ಅಂದರೆ ಈ ಊರಲ್ಲಿ ಯಾರೂ ಯಾರಿಗೂ ಸಿಗಲ್ಲ. "ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚರ್ಚ್ ಸ್ಟ್ರೀಟ್‌ನಲ್ಲಿ ಕಾಫಿ ಕುಡಿಯೋಣವಾ? ಹನ್ನೊಂದೂವರೆಗೆ ನಾನು ಹೊರಡಬೇಕು. ನಿನಗೆ ಬೇರೆ ಜಾಗ ಇಷ್ಟ ಇದ್ದರೆ ಹೇಳು" ಅಂತ ಬರಿ. ಮುಗಿಯುವ ಹೊತ್ತು ಮೊದಲೇ ಗೊತ್ತಿದ್ದರೆ ಹೂಂ ಅನ್ನೋದು ಸುಲಭ. ಈಗ ಬೇಡ ಅಂದಳಾ, ಅಲ್ಲಿಗೆ ಬಿಡು. ಮರುದಿನ ಮತ್ತೆ ಶುರು ಮಾಡಬೇಡ.

ಚರ್ಚ್ ಸ್ಟ್ರೀಟೇ ಯಾಕೆ ಅಂದರೆ, ನೀನಿರುವುದು ವಿಜಯನಗರ, ಅವಳು ವೈಟ್‌ಫೀಲ್ಡ್. 2023ರ ಅಕ್ಟೋಬರ್‌ನಿಂದ ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಇಬ್ಬರೂ ರೈಲು ಬದಲಿಸದೆ ಚರ್ಚ್ ಸ್ಟ್ರೀಟ್ ಪಕ್ಕದ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿಯಬಹುದು. "ನಾನೇ ಬಂದು ಪಿಕಪ್ ಮಾಡ್ತೀನಿ" ಅಂತ ಮಾತ್ರ ಅನ್ನಬೇಡ. ನಿನಗೆ ಅದು ಸೌಜನ್ಯ, ಅವಳಿಗೆ ಅದು ಮನೆ ಅಡ್ರೆಸ್. ತಾನೇ ಬಂದು ತಾನೇ ಹೋಗುವ ದಾರಿ ಇದ್ದರೆ ಮನಸ್ಸು ನಿರಾಳ. ಯಾರೋ ಗೆಳತಿಗೆ ಲೈವ್ ಲೊಕೇಶನ್ ಕಳಿಸಿಯೇ ಬಂದಿರುತ್ತಾಳೆ, ನಡುವೆ ಆ ಗೆಳತಿಯ ಕಾಲ್ ಕೂಡ ಬರಬಹುದು. ಬೇಜಾರು ಮಾಡ್ಕೋಬೇಡ. ನಾವು ಹುಡುಗಿಯರೆಲ್ಲ ಹಾಗೇ ಮಾಡೋದು.

ಚರ್ಚ್ ಸ್ಟ್ರೀಟ್‌ನಲ್ಲಿ ಇಂಡಿಯಾ ಕಾಫಿ ಹೌಸ್ ಇದೆ, 2009ರಲ್ಲಿ ಎಂ.ಜಿ. ರಸ್ತೆಯಿಂದ ಬಂದದ್ದು. ಕಾಫಿ, ಸ್ಕ್ರ್ಯಾಂಬಲ್ಡ್ ಎಗ್, ಟೋಸ್ಟ್. ಬಿಲ್ ಯಾರು ಕೊಡಬೇಕು ಅಂತ ಜಗ್ಗಾಡುವಷ್ಟು ದುಡ್ಡೂ ಆಗಲ್ಲ. ಅವಳು ಅರ್ಧ ಕೊಡ್ತೀನಿ ಅಂದರೆ ತಗೋ. ಮಾತು ಹತ್ತಿತು ಅಂದರೆ ಪಕ್ಕದಲ್ಲೇ ಬ್ಲಾಸಮ್ ಇದೆ. ಪುಸ್ತಕದಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಲೇ ಇರಬೇಕಾಗಿಲ್ಲ, ಇಬ್ಬರೂ ಕಪಾಟು ನೋಡಬಹುದು. ಅಲ್ಲಿ ಸುಮ್ಮನಿದ್ದರೂ ಮುಜುಗರ ಆಗಲ್ಲ. ಅವಳು ಯಾವ ಪುಸ್ತಕ ಕೈಗೆತ್ತಿಕೊಂಡಳು, ಯಾವುದನ್ನು ನೋಡಿ ಮೂಗು ಮುರಿದಳು, ಅದರಲ್ಲೇ ಮಾತು ಹುಟ್ಟುತ್ತದೆ. ಇನ್ನೂ ಹೊತ್ತಿದ್ದರೆ ಕಬ್ಬನ್ ಪಾರ್ಕ್‌ವರೆಗೆ ನಡೆಯಿರಿ. ಭಾನುವಾರ ಒಳಗೆ ವಾಹನ ಬಿಡಲ್ಲ. ಅಲ್ಲಿಗೆ ಬರುವ ನಾಯಿಗಳ ಬಗ್ಗೆ ಮಾತಾಡಿದರೂ ಒಂದು ಸುತ್ತು ಮುಗಿಯುತ್ತದೆ. ಹನ್ನೊಂದೂವರೆ ಕೆಲಸದ ಕಥೆ ಆಗ ಮರೆತರೂ ನಡೆಯುತ್ತದೆ.

ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋಗ್ತೀನಿ ಅಂದಿದ್ದೆಯಲ್ಲ, ಬೇಡ. 1943ರಿಂದ ಇರುವ ಹೋಟೆಲ್, ದೋಸೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಹೊರಗೆ ಕಾದು ಕಾದು ಒಳಗೆ ಹೋದರೆ ನಿಮ್ಮ ಟೇಬಲ್ಲಿಗೇ ಇನ್ನಿಬ್ಬರು ಬಂದು ಕೂರುತ್ತಾರೆ. ನಿನ್ನ ಬಾಲ್ಯದ ಕಥೆ ಅವರಿಗೂ ಕೇಳಿಸಬೇಕಾ? ಸಿನಿಮಾನೂ ಬೇಡ. ಕತ್ತಲಲ್ಲಿ ಎರಡೂವರೆ ಗಂಟೆ ಪರದೆ ನೋಡೋಕೆ ಅವಳೇ ಯಾಕೆ ಬೇಕು. ಲಾಲ್‌ಬಾಗ್ ಆಗಬಹುದು, ಆದರೆ ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸು ಹೂವಿನ ಪ್ರದರ್ಶನದ ಜನಜಾತ್ರೆ ಇರುತ್ತದೆ, ನೋಡಿಕೊ.

ನೀನೂ ಸ್ವಲ್ಪ ಹುಷಾರಾಗಿರು. ಇದು ಅವಳ ಬಗ್ಗೆ ಅಲ್ಲ, ಆ್ಯಪ್‌ನಲ್ಲಿ ಮುಂದೆ ಸಿಗುವ ಯಾರ ಬಗ್ಗೆಯಾದರೂ. ಇಂಥದ್ದೇ ಪಬ್‌ಗೆ ಬಾ ಅಂತ ಹಠ ಹಿಡಿದು ಕರೆಸಿ, ಕೊನೆಗೆ ಸಾವಿರಾರು ರೂಪಾಯಿ ಬಿಲ್ ಕೈಗಿಡುವ ಗ್ಯಾಂಗ್‌ಗಳನ್ನು ದೆಹಲಿ, ಮುಂಬೈ ಪೊಲೀಸರು ಹಿಡಿದಿದ್ದಾರೆ. ಮುಖ ನೋಡುವ ಮೊದಲೇ ದುಡ್ಡು ಕೇಳಿದರೆ, ಹೂಡಿಕೆ ಅಂತ ಲಿಂಕ್ ಕಳಿಸಿದರೆ ಬ್ಲಾಕ್ ಮಾಡು. ದುಡ್ಡು ಹೋಗೇಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಮೊದಲ ಹತ್ತು ನಿಮಿಷ ಪೇಚಾಟ ಇದ್ದೇ ಇರುತ್ತದೆ. "ನನಗೆ ಸ್ವಲ್ಪ ಟೆನ್ಷನ್ ಆಗ್ತಿದೆ" ಅಂತ ಹೇಳಿಬಿಡು, ಅವಳೂ ಅದನ್ನೇ ಹೇಳಬಹುದು. ಹಳೆಯ ಗೆಳತಿಯ ಕಥೆ, ಸಂಬಳ, ಮದುವೆ ಯಾವಾಗ ಅನ್ನೋದೆಲ್ಲ ಮೊದಲ ಕಾಫಿಗೆ ಬೇಡ. ನೀನು ಗಾಬರಿಯಾದಾಗ ತುಂಬಾ ಮಾತಾಡ್ತೀಯ, ಅದು ನನಗೆ ಗೊತ್ತು. ಒಂದು ಪ್ರಶ್ನೆ ಕೇಳಿ, ಉತ್ತರ ಮುಗಿಯುವ ತನಕ ಕಾಯಿ.

ಮನೆಗೆ ಹೋದ ಮೇಲೆ ಇಷ್ಟವಾಯಿತು ಅಂತಾದರೆ ಅವತ್ತೇ ಹೇಳು, ಲೆಕ್ಕಾಚಾರ ಹಾಕಬೇಡ. ಆಗಲಿಲ್ಲ ಅಂತಾದರೆ ಅದನ್ನೂ ಚಿಕ್ಕದಾಗಿ, ನೇರವಾಗಿ ಬರಿ. ನೀಲಿ ಟಿಕ್ ಬೀಳಿಸಿ ಮಾಯವಾಗುವ ಗಂಡಸರನ್ನು ನಾನು ಸಾಕಷ್ಟು ನೋಡಿದ್ದೀನಿ. ಅವಳೇ ಬೇಡ ಅಂದರೆ ಯಾಕೆ ಅಂತ ಕೆದಕಬೇಡ.

ಅಂದ ಹಾಗೆ, ತಂಗಿ ಮದುವೆಗೆ ಹೊಲಿಸಿದ ಆ ಮಿಂಚುವ ಶರ್ಟ್ ಬೇಡ. ಇಸ್ತ್ರಿ ಮಾಡಿದ ಮಾಮೂಲಿ ಅಂಗಿ ಸಾಕು. ಪರ್ಫ್ಯೂಮ್ ಕಡಿಮೆ.

ನಿನ್ನ ಗೆಳತಿ