ಫಾದರ್ ಅವರನ್ನು ಕರೆಯಲು ಕೊನೇ ಗಳಿಗೆವರೆಗೆ ಕಾಯಬೇಡಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ದವಾಖಾನೆಗಳಲ್ಲಿ ಮಲಗಿರುವ ಕಥೋಲಿಕ ರೋಗಿಗಳ ಮನೆಯವರು ಫಾದರ್‌ಗೆ ಫೋನ್ ಮಾಡುವುದು ಎಷ್ಟೋ ಸಲ ವೆಂಟಿಲೇಟರ್ ಹಾಕಿದ ಮೇಲೆ, ಕೆಲವೊಮ್ಮೆ ಜೀವ ಹೋದ ಮೇಲೆ. "ಫಾದರ್ ಬಂದ್ರ ಆಯಿ ಹೆದರತಾಳ, ಇನ್ನೆರಡು ದಿನ ನೋಡೂಣು" ಎನ್ನುತ್ತಾರೆ. ಪ್ರೀತಿಯಿಂದ ಆಡುವ ಮಾತೇ ಇದು. ಆದರೆ ಎಚ್ಚರ ಇರುವಾಗಲೇ ಆಯಿಗೆ ಸಿಗಬೇಕಾಗಿದ್ದ ಸಮಾಧಾನ ಇದರಿಂದಲೇ ತಪ್ಪಿಹೋಗುತ್ತದೆ.

ರೋಗಿಗಳ ಅಭ್ಯಂಗ ಸಂಸ್ಕಾರ, ಅಂದರೆ ಫಾದರ್ ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿ, ಸಾಯುವ ಹೊತ್ತಿಗಷ್ಟೇ ಮೀಸಲಲ್ಲ ಎಂದು ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟವಾಗಿ ಹೇಳಿದೆ. 1972ರಲ್ಲಿ ಪೋಪ್ ಆರನೇ ಪೌಲ್ ವಿಧಿಯನ್ನೂ ಪರಿಷ್ಕರಿಸಿದರು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯ ಶುರುವಾದಾಗಲೇ ಇದನ್ನು ಪಡೆಯಬಹುದು. ಹೃದಯದ ಆಪರೇಷನ್ನಿಗೆ ಮುಂಚೆ, ಕ್ಯಾನ್ಸರ್ ಎಂದು ಗೊತ್ತಾದಾಗ, ದೊಡ್ಡ ಕಾಯಿಲೆ ಇಲ್ಲದಿದ್ದರೂ ತೀರಾ ನಿತ್ರಾಣರಾದ ಹಿರಿಯರಿಗೆ, ಕಾಯಿಲೆ ಗಂಭೀರವಾದರೆ ತಿಳಿವಳಿಕೆ ಬಂದ ವಯಸ್ಸಿನ ಮಕ್ಕಳಿಗೂ ಕೊಡುತ್ತಾರೆ. ನೆಗಡಿ-ಜ್ವರಕ್ಕೆ ಬೇಡ. ಗುಣವಾಗಿ ಮತ್ತೆ ಹಾಸಿಗೆ ಹಿಡಿದರೆ, ಇಲ್ಲವೇ ಅದೇ ಕಾಯಿಲೆ ಬಿಗಡಾಯಿಸಿದರೆ ಮತ್ತೊಮ್ಮೆ ಪಡೆಯಬಹುದು. ಒಮ್ಮೆ ಕೊಟ್ಟರೆ ಕತೆ ಮುಗಿಯಿತು ಎಂಬ ಭಯಕ್ಕೆ ಆಧಾರವೇ ಇಲ್ಲ. ತೀರಿಕೊಂಡವರಿಗೆ ಮಾತ್ರ ಈ ಸಂಸ್ಕಾರವಿಲ್ಲ, ಅವರಿಗಾಗಿ ಬೇರೆ ಪ್ರಾರ್ಥನೆಗಳಿವೆ. ಜೀವ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೊಡಲೇಬೇಕೆಂಬುದು ಸಭೆಯ (ಕಥೋಲಿಕ ಚರ್ಚಿನ) ನಿಯಮ.

ಫೋನ್ ಮಾಡುವಾಗ "ಬೇಗ ಬರ್ರಿ ಫಾದರ್" ಎಂದಷ್ಟೇ ಹೇಳಿ ಇಟ್ಟುಬಿಡಬೇಡಿ. ರೋಗಿಯ ಹೆಸರು, ದವಾಖಾನೆ, ವಾರ್ಡು, ಬೆಡ್ ನಂಬರು ಹೇಳಿ. ಎಚ್ಚರವಿದೆಯೇ, ಮಾತಾಡುತ್ತಾರೆಯೇ, ನುಂಗಲು ಬರುತ್ತದೆಯೇ, ಮೂಗಿಗೆ ನಳಿಗೆ ಹಾಕಿದ್ದಾರೆಯೇ, ಇದನ್ನೂ ತಿಳಿಸಿ. ಯಾವ ಭಾಷೆಯಲ್ಲಿ ಪಾಪನಿವೇದನೆ (ಫಾದರ್ ಮುಂದೆ ತಪ್ಪು ಹೇಳಿಕೊಂಡು ಕ್ಷಮೆ ಬೇಡುವುದು) ಮಾಡುತ್ತಾರೆ ಎಂಬುದು ನಮ್ಮ ಊರಲ್ಲಿ ಬಹಳ ಮುಖ್ಯ. ಜೀವಮಾನವಿಡೀ ಕೊಂಕಣಿಯಲ್ಲೋ ಮರಾಠಿಯಲ್ಲೋ ಜಪ ಮಾಡಿದ ಅಜ್ಜನಿಗೆ ನೋವಿನ ನಡುವೆ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ.

ಮನೆಯಲ್ಲಾದರೆ ಚಿಕ್ಕ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ತೀರ್ಥ, ಸ್ವಲ್ಪ ಹತ್ತಿ, ಒಂದು ಲೋಟ ನೀರು ಮತ್ತು ಚಮಚ ಸಾಕು. ಆಕ್ಸಿಜನ್ ನಡೆಯುತ್ತಿದ್ದರೆ ಬತ್ತಿ ಹಚ್ಚಲೇಬೇಡಿ, ಬೆಂಕಿ ಹೊತ್ತೀತು. ಮೊದಲು ಪಾಪನಿವೇದನೆ. ಆಗ ಮನೆಯವರೆಲ್ಲ ಹೊರಗೆ ಹೋಗಬೇಕು. ಮಗಳು ಪಕ್ಕದಲ್ಲೇ ನಿಂತಿದ್ದರೆ ತಾಯಿ ಮನಸ್ಸು ಬಿಚ್ಚುವುದು ಹೇಗೆ? ಮಾತು ನಿಂತಿದ್ದರೆ ತಲೆ ಆಡಿಸಿದರೂ ಸಾಕು, ಕೈ ಹಿಸುಕಿದರೂ ಸಾಕು. ಮರೆತುಹೋದ ಪಾಪಕ್ಕೂ ಕ್ಷಮೆ ಇದೆ. ಪಾಪನಿವೇದನೆಗೆ ಶಕ್ತಿಯೇ ಇಲ್ಲದಿದ್ದರೆ, ಪಶ್ಚಾತ್ತಾಪವಿರುವ ರೋಗಿಗೆ ಅಭ್ಯಂಗದಿಂದಲೇ ಕ್ಷಮೆ ಸಿಗುತ್ತದೆ ಎಂಬುದು ಸಭೆಯ ಬೋಧನೆ. ದೇವರ ಕರುಣೆಯನ್ನು ನಂಬಿ ಎನ್ನುವುದು ಬರೀ ಬಾಯಿಮಾತಲ್ಲ.

ಆಮೇಲೆ ಫಾದರ್ ಏನೂ ಮಾತಾಡದೆ ರೋಗಿಯ ತಲೆಯ ಮೇಲೆ ಎರಡೂ ಕೈ ಇಡುತ್ತಾರೆ. ಆ ಹೊತ್ತಿನಲ್ಲಿ ಮೊಬೈಲ್ ಬಂದ್ ಇರಲಿ. ಪುಟ್ಟ ಲೋಹದ ಡಬ್ಬಿಯಲ್ಲಿ ಎಣ್ಣೆಯಲ್ಲಿ ನೆನೆದ ಹತ್ತಿ ಇರುತ್ತದೆ. ಅದು ಪಾಸ್ಕಕ್ಕೆ (ಈಸ್ಟರ್‌ಗೆ) ಮೊದಲು ಪವಿತ್ರ ಗುರುವಾರವೋ ಅದರ ಆಸುಪಾಸಿನ ದಿನವೋ ಧರ್ಮಾಧ್ಯಕ್ಷರು (ಬಿಷಪ್) ಆಶೀರ್ವದಿಸಿದ ಎಣ್ಣೆ, ಸಾಮಾನ್ಯವಾಗಿ ಆಲಿವ್ ಎಣ್ಣೆ. ಹೆಬ್ಬೆರಳಿನಿಂದ ಹಣೆಗೆ, ಆಮೇಲೆ ಎರಡೂ ಕೈಗಳಿಗೆ ಶಿಲುಬೆಯ ಗುರುತು ಹಾಕುತ್ತಾರೆ. ಪ್ರಭು ನಿನಗೆ ನೆರವಾಗಲಿ, ಪಾಪದಿಂದ ಬಿಡಿಸಿ ಎಬ್ಬಿಸಲಿ ಎಂಬುದು ಪ್ರಾರ್ಥನೆಯ ತಿರುಳು. ಸಲಾಯಿನ್ ಸೂಜಿ ಇರುವ ಕೈ ಮುಟ್ಟುವಂತಿಲ್ಲದಿದ್ದರೆ, ತುರ್ತಿನಲ್ಲಿ ಹಣೆಗೊಂದೇ ಹಚ್ಚಿದರೂ ಸಂಸ್ಕಾರ ಪೂರ್ತಿಯೇ. ಸೋಂಕಿನ ಭಯವಿದ್ದರೆ ಹತ್ತಿಕಡ್ಡಿಯಿಂದ ಹಚ್ಚಬಹುದು. ಕೊನೆಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ. ಪೂರ್ತಿ ನುಂಗಲಾಗದವರಿಗೆ ಚೂರೊಂದನ್ನು ಚಮಚ ನೀರಿನ ಜೊತೆ ಕೊಡುತ್ತಾರೆ. ಬಾಯಿಗೆ ಏನೂ ಕೊಡಬಾರದೆಂದು ಡಾಕ್ಟರು ಹೇಳಿದ್ದರೆ ಒತ್ತಾಯ ಬೇಡ. ಪರಮಪ್ರಸಾದಕ್ಕೆ ಮುಂಚೆ ಒಂದು ತಾಸಿನ ಉಪವಾಸದ ನಿಯಮ ರೋಗಿಗೂ ಇಲ್ಲ, ಆರೈಕೆ ಮಾಡುವವರಿಗೂ ಇಲ್ಲ.

ಅಭ್ಯಂಗ ಕೊಡುವ ಅಧಿಕಾರ ಗುರುಗಳಿಗೆ (ಫಾದರ್‌ಗಳಿಗೆ) ಮತ್ತು ಧರ್ಮಾಧ್ಯಕ್ಷರಿಗೆ ಮಾತ್ರ. ಸಿಸ್ಟರ್‌ಗಳಾಗಲಿ ಧರ್ಮಪಾಠ ಹೇಳುವ ಉಪದೇಶಿಗಳಾಗಲಿ ಕೊಡುವಂತಿಲ್ಲ. ಫಾದರ್ ದಾರಿಯಲ್ಲಿದ್ದಾರೆ ಎಂದಾದರೆ ಮನೆಯವರು ಸುಮ್ಮನೆ ಅಳುತ್ತ ಕೂರುವ ಬದಲು ಜಪಸರ ಹಿಡಿದು ದೇವರ ಕರುಣೆ ಬೇಡುವ ದೈವಕರುಣೆಯ ಜಪ ಹೇಳಲಿ. ಹತ್ತು ನಿಮಿಷ ಸಾಕು. ರೋಗಿಯ ಕಿವಿಯ ಹತ್ತಿರ ಮೆಲ್ಲಗೆ ಹೇಳಿ. ಪ್ರತಿಕ್ರಿಯೆ ಇಲ್ಲದವರಿಗೂ ಕೇಳಿಸುತ್ತಿರಬಹುದು. ಯೇಸು ಆ ಹಾಸಿಗೆಯ ಪಕ್ಕದಲ್ಲೇ ಇದ್ದಾರೆ ಎಂಬ ಭರವಸೆ ನಮ್ಮ ದನಿಯಲ್ಲಿ ಕೇಳಿದರೆ ಅವರ ಅಂಜಿಕೆ ಇಳಿದೀತು.

ಗುಣವಾಗಿಯೇ ಆಗುತ್ತದೆ ಎಂಬ ಖಾತ್ರಿಯನ್ನು ಸಭೆ ಕೊಡುವುದಿಲ್ಲ. ಗುಣಕ್ಕಾಗಿ ಬೇಡುತ್ತೇವೆ, ಸಹಿಸುವ ಬಲ ಸಿಗುತ್ತದೆಂದು ನಂಬುತ್ತೇವೆ. ಅಭ್ಯಂಗ ಆಯಿತೆಂದು ಔಷಧಿ ನಿಲ್ಲಿಸುವುದು ದೊಡ್ಡ ತಪ್ಪು.

ವಾರ್ಡಿನ ಡಾಕ್ಟರು, ನರ್ಸುಗಳಲ್ಲಿ ಒಂದು ವಿನಂತಿ. ಇದು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವರಿಗಷ್ಟೇ ಕೊಡುವ ಸಂಸ್ಕಾರ. ಪಕ್ಕದ ಬೆಡ್ಡಿನವರಿಗೂ ಇದಕ್ಕೂ ಸಂಬಂಧವಿಲ್ಲ, ಮತಾಂತರದ ಮಾತೇ ಇಲ್ಲ. ಐಸಿಯುನಲ್ಲಿ ಗೌನು, ಮಾಸ್ಕು ಹಾಕಿಸಿಯೇ ಒಳಗೆ ಬಿಡಿ, ಐದು ನಿಮಿಷ ಸಾಕು. ನಮ್ಮ ಧರ್ಮಕೇಂದ್ರಗಳೂ ರಾತ್ರಿ ಹೊತ್ತು ಯಾವ ಫಾದರ್‌ಗೆ ಫೋನ್ ಮಾಡಬೇಕು ಎಂಬ ನಂಬರನ್ನು ಚರ್ಚಿನ ಬಾಗಿಲಿಗೆ ಅಂಟಿಸಲಿ, ಫೆಬ್ರುವರಿ 11ರ ವಿಶ್ವ ರೋಗಿಗಳ ದಿನದಂದು ಚರ್ಚಿನ ಬಲಿಪೂಜೆಯಲ್ಲೇ ಕಾಯಿಲೆಯವರಿಗೂ ನಿತ್ರಾಣರಾದ ಹಿರಿಯರಿಗೂ ಒಟ್ಟಿಗೆ ಅಭ್ಯಂಗ ಕೊಡಲಿ. ನೆರೆಮನೆಯ ಅಜ್ಜಿ ಅಭ್ಯಂಗ ಪಡೆದು ನಡೆದುಕೊಂಡೇ ಮನೆಗೆ ಹೋಗುವುದನ್ನು ಜನ ಕಣ್ಣಾರೆ ನೋಡಲಿ.

— ರೋಗಿಗಳ ಭೇಟಿ ಸೇವೆಯ ಕಾರ್ಯಕರ್ತರು, ಕ್ಯಾಂಪ್, ಬೆಳಗಾವಿ